ಹಳೇ ಆಕ್ಟೇವಿಯಾ ಆರ್‌ಎಸ್: ಎಂಜಿನ್ ನಂಬಬಹುದಾ ಅಂತ ನಾನು ನೋಡಿದ ಬಗೆ

ಸೆಕೆಂಡ್ ಹ್ಯಾಂಡ್ ಸ್ಪೋರ್ಟಿ ಕಾರು ನೋಡೋಕೆ ಹೋದವರು ಮೊದಲು ಕೇಳುವುದು, ಎಷ್ಟು ಕಿಲೋಮೀಟರ್ ಓಡಿದೆ ಅಂತ. ನಾನು ಮೊದಲು ಕೇಳುವುದು, ಆಯಿಲ್ ಬದಲಿಸಿದ ಬಿಲ್‌ಗಳು ಎಲ್ಲಿವೆ ಅಂತ. ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಪಂಪ್) ಇರುವ ಪೆಟ್ರೋಲ್ ಎಂಜಿನ್ ಆದರೆ ಮುಕ್ಕಾಲು ವಿಷಯ ಆ ಬಿಲ್‌ಗಳಲ್ಲೇ ಇರುತ್ತದೆ. ಉಳಿದ ಕಾಲು ಭಾಗಕ್ಕೆ ಒಂದು ಟಾರ್ಚ್, ಒಂದು ಕಂಪ್ರೆಷನ್ ಗೇಜ್, ಒಂದು ಲ್ಯಾಪ್‌ಟಾಪ್ ಮತ್ತು ಒಂದು ಬೆಳಗಿನ ಹೊತ್ತು ಬೇಕು.

ನನ್ನ ಹತ್ತಿರ ಇರುವುದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಸ್ಕೋಡಾ ನಮ್ಮ ದೇಶಕ್ಕೆ ಬಂದಿದ್ದು 2001ರಲ್ಲಿ, ಆಕ್ಟೇವಿಯಾ ಜೊತೆಗೇ. ಅದಾಗಿ ಕೆಲವೇ ವರ್ಷಗಳಲ್ಲಿ ಈ ಆರ್‌ಎಸ್ ಬಂತು. 1,781 ಸಿಸಿ, ನಾಲ್ಕು ಸಿಲಿಂಡರ್, ಒಂದೊಂದಕ್ಕೂ ಐದು ವಾಲ್ವ್. 150 ಪಿಎಸ್ (ಹಾರ್ಸ್‌ಪವರ್) ಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಯುರೋಪಿನಲ್ಲಿ ಮಾರಿದ ಆರ್‌ಎಸ್ 180 ಪಿಎಸ್‌ನದ್ದು, ನಮಗೆ ಸಿಕ್ಕಿದ್ದು 150. ಹಾಗಂತ ಬೇಜಾರಿಲ್ಲ. 1,750 ಆರ್‌ಪಿಎಂ ದಾಟಿದ ಕೂಡಲೇ ಪೂರ್ತಿ ಟಾರ್ಕ್ ಸಿಗುತ್ತದೆ. ಮೂರನೇ ಗೇರ್‌ನಲ್ಲಿ ಸುಮ್ನೆ ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಕಾಲೇಜು ದಿನಗಳಲ್ಲಿ ಈ ಕಾರು ರಸ್ತೆಯಲ್ಲಿ ಹೋದರೆ ತಿರುಗಿ ನೋಡುತ್ತಿದ್ದೆ. ಈಗ ಇದು 20 ವರ್ಷದ ಹಳೆಯ ಕಾರು. ಕೈಗೆಟುಕುವ ಬೆಲೆಗೆ ಸಿಗುತ್ತದೆ. ಆದರೆ ಎಂಜಿನ್ ಕೈಕೊಟ್ಟರೆ ಕಾರಿಗೆ ಕೊಟ್ಟಷ್ಟೇ ಹಣ ಮತ್ತೆ ಎಂಜಿನ್‌ಗೆ ಸುರಿಯಬೇಕು.

ಈ ಎಂಜಿನ್ ಒಳ್ಳೆಯದಾ, ಕೆಟ್ಟದ್ದಾ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎರಡು ಲಕ್ಷ ದಾಟಿದರೂ ಏನೂ ಆಗಿಲ್ಲ ಅನ್ನುವವರಿದ್ದಾರೆ. ಎಂಬತ್ತು ಸಾವಿರಕ್ಕೇ ಎಂಜಿನ್ ಸೀಜ್ ಆಯ್ತು ಅನ್ನುವವರೂ ಇದ್ದಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಬ್ಲಾಕ್ ಬೀಡು ಕಬ್ಬಿಣದ್ದು, ಬಹಳ ಗಟ್ಟಿ. ಕ್ರ್ಯಾಂಕ್, ಪಿಸ್ಟನ್ ಎಲ್ಲವೂ ತಾಳಿಕೆಯವು. ತೊಂದರೆ ಇರುವುದು ಆಯಿಲ್ ಸುತ್ತ. ಟರ್ಬೊದ ನಡುವಿನ ಶಾಫ್ಟ್ ಆಯಿಲ್ ಮೇಲೆ ತೇಲಿಕೊಂಡು ತಿರುಗುತ್ತದೆ. ಅದರ ಒಂದು ಬದಿಯಲ್ಲಿ ಸೈಲೆನ್ಸರ್‌ಗೆ ಹೋಗುವ ಬಿಸಿ ಹೊಗೆ. ಅಲ್ಲಿ ಹಾದು ಬರುವ ಆಯಿಲ್ ಪ್ರತಿ ಸಲ ಸ್ವಲ್ಪ ಸ್ವಲ್ಪ ಬೇಯುತ್ತದೆ. ಸಮಯಕ್ಕೆ ಬದಲಿಸದಿದ್ದರೆ ಕಪ್ಪು ಹೊಟ್ಟಾಗಿ ಗಟ್ಟಿಯಾಗಿ ಹೆಡ್ (ಎಂಜಿನ್‌ನ ಮೇಲ್ಭಾಗ) ಒಳಗೆ, ಚೇಂಬರ್ (ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ) ತಳದಲ್ಲಿ ಕೂರುತ್ತದೆ. ಆ ಹೊಟ್ಟು ಚೇಂಬರ್‌ನ ಸ್ಟ್ರೈನರ್ ಜಾಲರಿಗೆ ಅಡ್ಡ ಕೂತರೆ ಪಂಪ್‌ಗೆ ಆಯಿಲ್ ಸಿಗುವುದಿಲ್ಲ. ಆಯಿಲ್ ಒತ್ತಡ ಇಳಿಯುತ್ತದೆ. ಮೊದಲು ಟರ್ಬೊ ಹೋಗುತ್ತದೆ, ಆಮೇಲೆ ಬೇರಿಂಗ್.

ಇದು ಬರೀ ಗ್ಯಾರೇಜ್ ಮಾತಲ್ಲ. ಇದೇ ಕುಟುಂಬದ 1.8 ಟರ್ಬೊ ಎಂಜಿನ್ ಫೋಕ್ಸ್‌ವ್ಯಾಗನ್ ಪಸಾಟ್‌ನಲ್ಲೂ ಇತ್ತು. ಅದರಲ್ಲಿ ಎಂಜಿನ್ ಉದ್ದಕ್ಕೆ ಕೂತಿದ್ದರಿಂದ ಆಯಿಲ್ ಹಿಡಿಯುವ ಪ್ರಮಾಣ ಕಡಿಮೆ. ಅಮೆರಿಕದಲ್ಲಿ ಆ ಕಾರುಗಳಿಗೆ 2004ರಲ್ಲಿ ಆಯಿಲ್ ಹೊಟ್ಟಿನ ತೊಂದರೆಗೆಂದೇ ವಾರಂಟಿಯನ್ನು 8 ವರ್ಷಕ್ಕೆ ಹೆಚ್ಚಿಸಲಾಯಿತು. ಆಕ್ಟೇವಿಯಾದಲ್ಲಿ ಎಂಜಿನ್ ಅಡ್ಡಕ್ಕೆ ಕೂತಿದೆ, ನಾಲ್ಕೂವರೆ ಲೀಟರ್ ಹತ್ತಿರ ಆಯಿಲ್ ಹಿಡಿಯುತ್ತದೆ. ಹಾಗಾಗಿ ಸ್ವಲ್ಪ ವಾಸಿ. ಆದರೆ ಬೆಂಗಳೂರಿನ ಟ್ರಾಫಿಕ್ ಆ ಅನುಕೂಲವನ್ನು ತಿಂದುಹಾಕುತ್ತದೆ.

ನಾನು ನೋಡಿದ ಮೊದಲ ಕಾರು ಬೆಂಗಳೂರಿನದ್ದು. ಕಪ್ಪು ಬಣ್ಣ, ಪಾಲಿಶ್ ಹೊಡೆದು ಫಳಫಳ ಅನ್ನುತ್ತಿತ್ತು. ಓಡೋಮೀಟರ್‌ನಲ್ಲಿ 60,000 ಕಿ.ಮೀ. ಮಾರುವವರು ನಾನು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಬಾನೆಟ್ ಮುಟ್ಟಿದರೆ ಬಿಸಿ. ನಾಳೆ ಬೆಳಿಗ್ಗೆ ಬರುತ್ತೇನೆ, ನಾನು ಬರುವ ತನಕ ಕೀ ತಿರುಗಿಸಬೇಡಿ ಸಾರ್ ಅಂದೆ. ಅವರಿಗೆ ಇಷ್ಟವಾಗಲಿಲ್ಲ, ಆದರೂ ಒಪ್ಪಿದರು.

ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಬಿಸಿಯಾದ ಮೇಲೆ ಎಷ್ಟೋ ಸದ್ದುಗಳು ಅಡಗಿಹೋಗುತ್ತವೆ. ಮಾರನೇ ದಿನ ಮೊದಲು ಆಯಿಲ್ ಹಾಕುವ ಮುಚ್ಚಳ ತೆಗೆದೆ. ಮುಚ್ಚಳದ ಒಳಗೆ, ದೋಸೆ ಕಾವಲಿಯ ಅಂಚಿನಲ್ಲಿ ವರ್ಷಗಟ್ಟಲೆ ಕರಕಲಾದ ಎಣ್ಣೆಯ ಹಾಗೆ, ದಪ್ಪ ಕಪ್ಪು ಪದರ. ಉಗುರಿನಿಂದ ಕೆರೆದರೆ ಚೂರು ಚೂರಾಗಿ ಎದ್ದಿತು. ಟಾರ್ಚ್ ಹಾಕಿ ಒಳಗೆ ನೋಡಿದೆ. ವಾಲ್ವ್‌ಗಳನ್ನು ತೆರೆಯುವ ಶಾಫ್ಟ್ ಆದ ಕ್ಯಾಮ್ ಸುತ್ತ ಲೋಹದ ಬಣ್ಣವೇ ಕಾಣಲಿಲ್ಲ. ಸ್ಟಾರ್ಟ್ ಮಾಡಿದಾಗ ಹೆಡ್ ಹಿಂಬದಿಯಿಂದ ಕಟಕಟ ಅಂತ ಚೇನ್ ಸದ್ದು. ಈ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಒಂದು ಕ್ಯಾಮ್ ತಿರುಗಿಸುತ್ತದೆ. ಅಲ್ಲಿಂದ ಇನ್ನೊಂದು ಕ್ಯಾಮ್‌ಗೆ ಒಂದು ಪುಟ್ಟ ಚೇನ್ ಇದೆ. ಆ ಚೇನ್ ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ತಣ್ಣಗಿದ್ದಾಗ ಒಂದೆರಡು ಸೆಕೆಂಡ್ ಸದ್ದು ಬಂದು ನಿಂತರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಅದು ನಿಲ್ಲಲೇ ಇಲ್ಲ.

ಬಿಲ್ ಕೇಳಿದೆ. ವರ್ಷಕ್ಕೊಮ್ಮೆ ಸರ್ವಿಸ್, ಅದೂ ಮಧ್ಯೆ ಕೆಲವು ವರ್ಷ ಏನೂ ಇಲ್ಲ. "ಕಾರು ಓಡಿಸಿದ್ದೇ ಕಡಿಮೆ ಸಾರ್, ಮನೆಯಿಂದ ಆಫೀಸು, ಆಫೀಸಿಂದ ಮನೆ ಅಷ್ಟೇ" ಅಂದರು. ಅವರು ಒಳ್ಳೆಯ ವಿಷಯ ಅಂತ ಹೇಳಿದ ಈ ಮಾತೇ ನನಗೆ ಕಾರು ಬೇಡ ಅನ್ನಿಸಿತು.

ಯಾಕೆ ಅಂದರೆ, ಎಂಜಿನ್ ಸವೆಯುವುದು ಗಂಟೆಗಳ ಲೆಕ್ಕದಲ್ಲಿ. ಟ್ರ್ಯಾಕ್ಟರ್, ಜೆಸಿಬಿ, ಜನರೇಟರ್ ಇಟ್ಟವರು ಅವರ್ ಮೀಟರ್ ನೋಡಿಯೇ ಸರ್ವಿಸ್ ಮಾಡಿಸುತ್ತಾರೆ. ಕಾರಿನವರು ಮಾತ್ರ ಕಿ.ಮೀ. ಹಿಡಿದುಕೊಂಡು ಕೂತಿದ್ದೇವೆ. ಬೆಂಗಳೂರಲ್ಲಿ ಗಂಟೆಗೆ ಸರಾಸರಿ 20 ಕಿ.ಮೀ. ಹೋದರೆ ಅದೇ ಹೆಚ್ಚು, ಅಲ್ವಾ? ಆ ಲೆಕ್ಕದಲ್ಲಿ 60,000 ಕಿ.ಮೀ. ಅಂದರೆ 3,000 ಗಂಟೆ. ಹೈವೇಯಲ್ಲಿ ಸರಾಸರಿ 50ರಲ್ಲಿ ಓಡಿದ ಕಾರು 1,40,000 ಕಿ.ಮೀ. ಮುಗಿಸಲು 2,800 ಗಂಟೆ ಸಾಕು. ಅಂದರೆ ಅರ್ಧಕ್ಕಿಂತ ಕಡಿಮೆ ಓಡಿದ ಕಾರಿನ ಎಂಜಿನ್ ಜಾಸ್ತಿ ದುಡಿದಿದೆ. ಅದೂ ಗಾಳಿಯಾಡದ ಟ್ರಾಫಿಕ್‌ನಲ್ಲಿ, ಬಾನೆಟ್ ಕೆಳಗೆ ಕುದಿಯುತ್ತಾ. 15,000 ಕಿ.ಮೀ.ಗೊಮ್ಮೆ ಆಯಿಲ್ ಅಂತ ಕೈಪಿಡಿಯಲ್ಲಿ ಇದ್ದರೆ, ಈ ಊರಿನ ವೇಗದಲ್ಲಿ ಅದು 750 ಗಂಟೆ ಹಳೆಯ ಆಯಿಲ್.

ಎರಡನೇ ಕಾರು ಸಿಕ್ಕಿದ್ದು ಮೈಸೂರಿನಲ್ಲಿ. ಬೆಳ್ಳಿ ಬಣ್ಣ, 1,40,000 ಓಡಿತ್ತು. ಮುಂದಿನ ಬಂಪರ್‌ನಲ್ಲಿ ಗೀರು, ಸ್ಟೀರಿಂಗ್ ಚರ್ಮ ಸವೆದು ನುಣ್ಣಗಾಗಿತ್ತು. ಮಾಲೀಕರು ಕೆಲಸದಿಂದ ನಿವೃತ್ತರಾದ ಹಿರಿಯರು. ಒಳಗೆ ಹೋಗಿ ಒಂದು ದಪ್ಪ ಫೈಲ್ ತಂದು ಟೀಪಾಯಿ ಮೇಲಿಟ್ಟರು. ಪ್ರತಿ ಬಿಲ್ ಮೇಲೂ ಅವರ ಕೈಬರಹದಲ್ಲಿ ಕಿ.ಮೀ. ಮತ್ತು ಆಯಿಲ್ ಗ್ರೇಡ್. ಏಳು, ಏಳೂವರೆ ಸಾವಿರಕ್ಕೊಮ್ಮೆ 5ಡಬ್ಲ್ಯೂ-40 ಸಿಂಥೆಟಿಕ್. ಡಬ್ಬದ ಮೇಲಿನ ವಿಡಬ್ಲ್ಯೂ 502.00 ಅನ್ನುವ ಗುರುತನ್ನೂ ಬರೆದಿಟ್ಟಿದ್ದರು. ಈ ಎಂಜಿನ್‌ಗೆ ಬೇಕಾದ್ದು ಅದೇ. ನನ್ನನ್ನು ಮಗನಂತೆ ಕಂಡರೋ ಏನೋ, ಕೀ ಕೊಡುವ ಮುಂಚೆ ಹೇಳಿದರು: "ನೋಡಪ್ಪ, ಮೊದಲು ಆಯಿಲ್ ಬಿಸಿಯಾಗಲಿ. ನೀರಿನ ಮುಳ್ಳು ಮೇಲೆ ಬಂತು ಅಂತ ತುಳಿಯಬೇಡ. ಆಯಿಲ್‌ಗೆ ಇನ್ನೂ ಹೊತ್ತು ಬೇಕು." ಇದು ಸತ್ಯ. ಕೂಲಂಟ್ 90 ಡಿಗ್ರಿ ಮುಟ್ಟಿದ ಮೇಲೂ ಆಯಿಲ್ ಬಿಸಿಯಾಗಲು ಹಲವು ನಿಮಿಷ ಬೇಕು. ಇಷ್ಟು ತಿಳಿದವರ ಕೈಯಲ್ಲಿದ್ದ ಕಾರು ಅಂತ ಅಲ್ಲೇ ಅರ್ಧ ಮನಸ್ಸು ಮಾಡಿದೆ.

ಆದರೆ ಪರೀಕ್ಷೆ ಬಿಡಲಿಲ್ಲ. ಒಳ್ಳೆಯ ಮನುಷ್ಯರು ಅಂತ ಎಂಜಿನ್ ನೋಡದೆ ಕೊಳ್ಳುವುದು ಸರಿಯಲ್ಲ. ಅವರೂ ಖುಷಿಯಿಂದ ಒಪ್ಪಿದರು.

ಮುಚ್ಚಳದ ಒಳಗೆ ತೆಳು ಕಂದು ಬಣ್ಣ, ಬಟ್ಟೆಯಿಂದ ಒರೆಸಿದರೆ ಹೋಗುವಂಥದ್ದು. ಕ್ಯಾಮ್ ಹೊಳೆಯುತ್ತಿತ್ತು. ಸ್ಟಾರ್ಟ್ ಮಾಡಿ, ಮುಚ್ಚಳ ತೆಗೆದು ಬರೀ ಮೇಲೆ ಇಟ್ಟೆ. ಬ್ಯಾಕ್ ಕಂಪ್ರೆಷನ್ ಇದ್ದರೆ ಮುಚ್ಚಳ ಎಗರುತ್ತದೆ, ಬುಸ್ ಬುಸ್ ಅಂತ ಹೊಗೆ ಬರುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದು ಸಿಲಿಂಡರ್ ಒತ್ತಡ ಕೆಳಗೆ ಸೋರುತ್ತಿದೆ ಅಂತ ಅರ್ಥ. ಇಲ್ಲಿ ಸ್ವಲ್ಪ ಅಲುಗಾಡಿತು ಅಷ್ಟೇ.

ಮೈಸೂರಲ್ಲಿ ನನಗೆ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಜರ್ಮನ್ ಕಾರುಗಳಲ್ಲಿ ಪಳಗಿದ ಕೈ. ಕಾರನ್ನು ಅಲ್ಲಿಗೆ ತಗೊಂಡು ಹೋಗಿ ಕಂಪ್ರೆಷನ್ ಟೆಸ್ಟ್ ಮಾಡಿಸಿದೆ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಒತ್ತುತ್ತದೆ ಅಂತ ಗೇಜ್‌ನಲ್ಲಿ ನೋಡುವುದು. ಇದನ್ನು ಮಾಡುವ ಕ್ರಮ ಸರಿ ಇರಬೇಕು. ಎಂಜಿನ್ ಬಿಸಿ ಇರಬೇಕು. ನಾಲ್ಕೂ ಸ್ಪಾರ್ಕ್ ಪ್ಲಗ್ ಹೊರಗೆ ಬರಬೇಕು. ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಬಿಚ್ಚಿರಬೇಕು. ಥ್ರಾಟಲ್ ಪೂರ್ತಿ ತೆರೆದಿರಬೇಕು. ಬ್ಯಾಟರಿ ತುಂಬಿರಬೇಕು. ಇದರಲ್ಲಿ ಯಾವುದು ತಪ್ಪಿದರೂ ಅಂಕಿ ಸುಳ್ಳಾಗುತ್ತದೆ. ಥ್ರಾಟಲ್ ಮುಚ್ಚಿಕೊಂಡೇ ಟೆಸ್ಟ್ ಮಾಡಿ, ಎಂಜಿನ್ ಬೋರ್ ಮಾಡಿಸಬೇಕು ಅಂತ ಹೇಳುವ ಗ್ಯಾರೇಜ್‌ಗಳೂ ಇವೆ, ಹುಷಾರು.

ನಾಲ್ಕೂ ಸಿಲಿಂಡರ್ 11 ಬಾರ್ (ಒತ್ತಡದ ಅಳತೆ) ಆಸುಪಾಸು ಬಂದವು. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಬಾರ್‌ಗಿಂತ ಕಡಿಮೆ ವ್ಯತ್ಯಾಸ. ಈ ಎಂಜಿನ್‌ಗೆ ಸವೆತದ ಮಿತಿ 7 ಬಾರ್. ಸಿಲಿಂಡರ್‌ಗಳ ನಡುವೆ 3 ಬಾರ್ ತನಕ ವ್ಯತ್ಯಾಸ ಒಪ್ಪಬಹುದು ಅಂತ ಕಂಪನಿಯ ಲೆಕ್ಕ. ನಾನು ಅಷ್ಟು ಉದಾರಿಯಲ್ಲ. ನಾಲ್ಕೂ ಒಂದೇ ಸಮ ಇರಬೇಕು, ನನಗೆ ಅದು ಮುಖ್ಯ. ನಾಲ್ಕೂ 10 ಇದ್ದರೆ ಕೊಳ್ಳುತ್ತೇನೆ. ಮೂರು 12 ಇದ್ದು ಒಂದು 9 ಇದ್ದರೆ, ಆ ಒಂದರಲ್ಲಿ ಏನಾಗಿದೆ ಅಂತ ತಿಳಿಯುವ ತನಕ ಮುಟ್ಟುವುದಿಲ್ಲ. ಹಾಗೆ ಒಂದು ಕಡಿಮೆ ಬಂದರೆ ಆ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಇನ್ನೂ ಅನುಮಾನವಿದ್ದರೆ ಲೀಕ್‌ಡೌನ್ ಟೆಸ್ಟ್. ಪಿಸ್ಟನ್ ಅನ್ನು ಮೇಲ್ತುದಿಯಲ್ಲಿ ನಿಲ್ಲಿಸಿ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡುವುದು, ಎಲ್ಲಿ ಸೋರುತ್ತದೆ ಅಂತ ಕಿವಿ ಕೊಡುವುದು. ಸೈಲೆನ್ಸರ್‌ನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್. ಥ್ರಾಟಲ್ ಕಡೆ ಅಂದರೆ ಇನ್‌ಟೇಕ್ ವಾಲ್ವ್. ಆಯಿಲ್ ಮುಚ್ಚಳದಲ್ಲಿ ಅಂದರೆ ರಿಂಗ್. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಎಂಜಿನ್ ಬಿಚ್ಚದೆ ಇಷ್ಟು ತಿಳಿಯುತ್ತದೆ ಅನ್ನುವುದೇ ದೊಡ್ಡ ವಿಷಯ.

ನನ್ನ ಪ್ರಕಾರ ಇದೆಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಬಹಳ ಜನ ಅದನ್ನು ಮಾಡಿಸುವುದೇ ಇಲ್ಲ. ಆಯಿಲ್ ಫಿಲ್ಟರ್ ಕೂರುವ ಜಾಗದಲ್ಲಿ ಪ್ರೆಷರ್ ಸ್ವಿಚ್ ಇದೆ. ಅದನ್ನು ಬಿಚ್ಚಿ ಅಲ್ಲಿ ಮುಳ್ಳಿನ ಗೇಜ್ ತಿರುಗಿಸಿ, ಕಾರನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿ ನೋಡಬೇಕು. ತಣ್ಣಗಿದ್ದಾಗ ಆಯಿಲ್ ದಪ್ಪ, ಯಾವ ಎಂಜಿನ್‌ನಲ್ಲೂ ಒತ್ತಡ ಚೆನ್ನಾಗೇ ತೋರಿಸುತ್ತದೆ. ಬಿಸಿಯಾಗಿ ತೆಳುವಾದಾಗ ಬೇರಿಂಗ್ ಸವೆದಿದೆಯಾ, ಸ್ಟ್ರೈನರ್ ಕಟ್ಟಿದೆಯಾ ಅನ್ನುವುದು ಹೊರಗೆ ಬರುತ್ತದೆ. 2,000 ಆರ್‌ಪಿಎಂನಲ್ಲಿ 3 ಬಾರ್ ಹತ್ತಿರ ಇರಲಿ ಅಂತ ನನ್ನ ನಿರೀಕ್ಷೆ. ಇದ್ದಿದ್ದು ಅದಕ್ಕಿಂತ ಒಂದು ಕೂದಲು ಕಡಿಮೆ. ಸ್ಪೀಡೋಮೀಟರ್ ಹತ್ತಿರ ಉರಿಯುವ ಕೆಂಪು ಆಯಿಲ್ ದೀಪವನ್ನು ನಂಬಿಕೊಂಡು ಕೂರಬಾರದು. ಆ ಸ್ವಿಚ್ ಕೆಲಸ ಮಾಡುವುದು ಒತ್ತಡ 1.2ರಿಂದ 1.6 ಬಾರ್‌ಗೆ ಇಳಿದಾಗ. ಅಷ್ಟು ಹೊತ್ತಿಗೆ ಟರ್ಬೊ ಒಣಗಲು ಶುರುವಾಗಿರುತ್ತದೆ.

ಆಮೇಲೆ ಲ್ಯಾಪ್‌ಟಾಪ್. ಈ ಕುಟುಂಬದ ಕಾರುಗಳಿಗೆ ವಿಸಿಡಿಎಸ್ ಅನ್ನುವ ಸಾಫ್ಟ್‌ವೇರ್ ಇದೆ, ಬಳಕೆಯೂ ಸುಲಭ. ಬರೀ ಎರರ್ ಕೋಡ್ ನೋಡಿ ಸುಮ್ಮನಾಗಬಾರದು. ಮಾರುವ ಹಿಂದಿನ ರಾತ್ರಿ ಕೋಡ್ ಅಳಿಸುವುದು ಎರಡು ನಿಮಿಷದ ಕೆಲಸ. ನಾನು ನೋಡುವುದು ಓಡುತ್ತಿರುವಾಗಿನ ಅಂಕಿಗಳು. 32ನೇ ಗ್ರೂಪ್‌ನಲ್ಲಿ ಫ್ಯುಯೆಲ್ ಟ್ರಿಮ್ ಇರುತ್ತದೆ. ಎಂಜಿನ್ ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕಿಕೊಳ್ಳುತ್ತಿದೆ ಅಂತ ಅದು ಹೇಳುತ್ತದೆ. ಐಡ್ಲಿಂಗ್‌ನಲ್ಲಿ ಜಾಸ್ತಿ ಹಾಕಿಕೊಳ್ಳುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಇನ್‌ಟೇಕ್ ಕೆಳಗೆ ಬ್ರೀದರ್ ಪೈಪುಗಳ ಒಂದು ಕಂತೆಯೇ ಇದೆ, 20 ವರ್ಷದಲ್ಲಿ ಬಿಸ್ಕತ್ತಿನಂತೆ ಒಡೆಯುವಷ್ಟು ಒಣಗಿರುತ್ತವೆ. ಈ ಕಾರಿನಲ್ಲೂ ಒಂದು ಬಿರುಕು ಬಿಟ್ಟಿತ್ತು. ಅದು ಭಯಪಡುವ ವಿಷಯವಲ್ಲ, ಚೌಕಾಸಿ ಮಾಡುವ ವಿಷಯ.

ರಿಂಗ್ ರೋಡಿನಲ್ಲಿ ಖಾಲಿ ಜಾಗ ನೋಡಿ ಮೂರನೇ ಗೇರ್‌ನಲ್ಲಿ 2,000ದಿಂದ ಪೂರ್ತಿ ಒತ್ತಿದೆ. ಪಕ್ಕದಲ್ಲಿ ಭಾಯ್ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. 115ನೇ ಗ್ರೂಪ್‌ನಲ್ಲಿ ಎರಡು ಅಂಕಿ ಬರುತ್ತವೆ. ಎಂಜಿನ್ ಕಂಪ್ಯೂಟರ್ ಟರ್ಬೊದಿಂದ ಎಷ್ಟು ಒತ್ತಡ ಕೇಳಿತು ಅಂತ ಒಂದು, ಎಷ್ಟು ಬಂತು ಅಂತ ಇನ್ನೊಂದು. ಎರಡೂ ಜೊತೆಜೊತೆಗೆ ಏರಬೇಕು. ಬಂದಿದ್ದು ಕಡಿಮೆ ಇದ್ದರೆ ಹೋಸ್ ಸೋರಿಕೆ, ಡೈವರ್ಟರ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಒತ್ತಡ ಇಳಿಸುವ ವಾಲ್ವ್) ಕೆಟ್ಟಿದೆ, ಇಲ್ಲವೇ ಟರ್ಬೊನೇ ಸುಸ್ತಾಗಿದೆ. ಕೇಳಿದ್ದೇ ಮಾಮೂಲಿಗಿಂತ ಜಾಸ್ತಿ ಇದ್ದರೆ ಯಾರೋ ರೀಮ್ಯಾಪ್ ಮಾಡಿಸಿದ್ದಾರೆ, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್‌ನ ಪ್ರೋಗ್ರಾಂ ಬದಲಿಸಿದ್ದಾರೆ. ರೀಮ್ಯಾಪ್ ತಪ್ಪು ಅಂತ ನಾನು ಹೇಳುವುದಿಲ್ಲ. ಮುಚ್ಚಿಟ್ಟು ಮಾರುವುದು ತಪ್ಪು. ನಾಲ್ಕನೇ ಗೇರ್‌ನಲ್ಲಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಜಾಸ್ತಿ ಟಾರ್ಕ್ ಕಂಡ ಕಾರುಗಳಲ್ಲಿ ಅದೇ ಮೊದಲ ಸುಳಿವು.

ಹೊಗೆ ನೋಡಲು ಸ್ನೇಹಿತನನ್ನು ಬೈಕಿನಲ್ಲಿ ಹಿಂದೆ ಬರಲು ಹೇಳಿದ್ದೆ. ಚಾಮುಂಡಿ ಬೆಟ್ಟ ಇಳಿಯುವಾಗ ಗೇರ್‌ನಲ್ಲೇ ಬಿಟ್ಟು, ಕೆಳಗೆ ಬಂದು ಒಮ್ಮೆಲೇ ಆಕ್ಸಿಲರೇಟರ್ ಒತ್ತಿದೆ. ವಾಲ್ವ್ ಸೀಲ್ ಹೋಗಿದ್ದರೆ ಆಗ ನೀಲಿ ಹೊಗೆಯ ಒಂದು ಉಂಡೆ ಬರುತ್ತದೆ. ಏನೂ ಬರಲಿಲ್ಲ ಕಣೋ ಅಂದ.

ಕಾಗದ ಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ವಾಹನದ ದಾಖಲೆಯ ಪ್ರತಿ) ತೆಗೆಸಿ ಸಾಲದ ಗುರುತು ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. 15 ವರ್ಷ ದಾಟಿದ ಕಾರಿಗೆ ಆರ್‌ಸಿ ನವೀಕರಣ ಆಗಿದೆಯಾ ನೋಡಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕವೇ 5,000 ರೂಪಾಯಿ ಆಯಿತು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸುವಂತಿಲ್ಲ ಅಂತ ನಿಯಮ ಬಂದ ಮೇಲೆ ಅಲ್ಲಿಂದ ಇಂಥ ಕಾರುಗಳು ಅಗ್ಗಕ್ಕೆ ಈ ಕಡೆ ಬರುತ್ತಿವೆ. ಎನ್‌ಒಸಿ, ಇಲ್ಲಿನ ಜೀವಿತಾವಧಿ ತೆರಿಗೆ ಎಲ್ಲಾ ಸೇರಿಸಿದರೆ ಆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ.

ಕಾರು ಕೊಂಡೆ. ಕೊಂಡ ಮೇಲೆ ಓಡಿಸುವ ಮುಂಚೆ ಮಾಡಿಸಿದ ಕೆಲಸಗಳೇ ನನ್ನ ನೆಮ್ಮದಿಗೆ ಕಾರಣ.

ಮೊದಲನೆಯದು ಆಯಿಲ್ ಚೇಂಬರ್ ಇಳಿಸಿದ್ದು. ಇಷ್ಟು ಚೆನ್ನಾಗಿ ಇಟ್ಟಿರುವ ಕಾರಿಗೆ ಬೇಕಾ ಅಂತ ಭಾಯ್‌ಗೆ ಕೇಳಿದೆ. "ಸಾರ್, ಪ್ರೆಷರ್ ಒಂಚೂರು ಕಮ್ಮಿ ಇತ್ತಲ್ಲ, ಅದು ನನ್ನ ತಲೆಯಲ್ಲಿ ಕೂತಿದೆ. ಅರ್ಧ ದಿನದ ಕೆಲಸ, ಬಿಚ್ಚಿ ನೋಡಿಬಿಡೋಣ" ಅಂದರು. ಬಿಚ್ಚಿದಾಗ ತಳದಲ್ಲಿ ಹೊಟ್ಟು ಅಷ್ಟೇನೂ ಇರಲಿಲ್ಲ. ಆದರೆ ಸ್ಟ್ರೈನರ್ ಜಾಲರಿಯಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೂರುಗಳು ಸಿಕ್ಕಿಕೊಂಡಿದ್ದವು. ಅಕ್ಕಿ ಕಾಳಿನ ಗಾತ್ರದ ಮೂರು ನಾಲ್ಕು ಚೂರು. ಭಾಯ್ ಒಂದನ್ನು ಅಂಗೈ ಮೇಲಿಟ್ಟು ತೋರಿಸಿದರು. ಡಿಪ್‌ಸ್ಟಿಕ್ ಕೂರುವ ಕೊಳವೆಯ ತುದಿ ಪ್ಲಾಸ್ಟಿಕ್‌ನದ್ದು. ಬಿಸಿಗೆ ವರ್ಷಗಳು ಕಳೆದಂತೆ ಒಣಗಿ, ಆಯಿಲ್ ನೋಡಲು ಎಳೆದಾಗ ಮುರಿಯುತ್ತದೆ. ಚೂರುಗಳು ನೇರ ಚೇಂಬರ್‌ಗೆ ಬೀಳುತ್ತವೆ. ಅಂದರೆ ತಪ್ಪದೆ ಆಯಿಲ್ ನೋಡಿಕೊಂಡ ಮಾಲೀಕರ ಕಾರಿನಲ್ಲೇ ಇದು ಆಗುವ ಸಾಧ್ಯತೆ ಜಾಸ್ತಿ. ಹೊಸ ಸ್ಟ್ರೈನರ್, ಹೊಸ ಕೊಳವೆ ಹಾಕಿಸಿದೆ. ಬಿಸಿ ಎಂಜಿನ್‌ನಲ್ಲಿ ಮತ್ತೆ ಗೇಜ್ ಹಾಕಿದಾಗ ಮುಳ್ಳು 3 ಬಾರ್ ದಾಟಿತ್ತು.

ಎರಡನೆಯದು ಟೈಮಿಂಗ್ ಬೆಲ್ಟ್. ಫೈಲ್‌ನಲ್ಲಿ ಹಳೆಯದೊಂದು ಬಿಲ್ ಇತ್ತು, ಕಿ.ಮೀ. ಪ್ರಕಾರ ಇನ್ನೂ ಬಾಳಿಕೆ ಇತ್ತು. ವರ್ಷದ ಪ್ರಕಾರ ಇರಲಿಲ್ಲ. ರಬ್ಬರ್‌ಗೆ ವಯಸ್ಸೂ ಲೆಕ್ಕ. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, 20 ವಾಲ್ವ್ ಇವೆ. ಬೆಲ್ಟ್ ಒಂದನ್ನೇ ಬದಲಿಸುವುದು ಸರಿಯಲ್ಲ. ಟೆನ್ಷನರ್, ರೋಲರ್, ವಾಟರ್ ಪಂಪ್ ಎಲ್ಲಾ ಒಟ್ಟಿಗೆ. ವಾಟರ್ ಪಂಪ್ ಇದೇ ಬೆಲ್ಟ್‌ನಿಂದ ತಿರುಗುತ್ತದೆ, ಅದು ಹಿಡಿದುಕೊಂಡರೆ ಬೆಲ್ಟೂ ಹೋಯಿತು. ಹಳೆಯ ಪಂಪ್‌ಗಳ ಫ್ಯಾನ್ ಪ್ಲಾಸ್ಟಿಕ್‌ನದ್ದು ಇರುತ್ತದೆ. ನಾನು ಲೋಹದ ಫ್ಯಾನ್ ಇರುವ ಪಂಪ್ ಹುಡುಕಿ ಹಾಕಿಸಿದೆ. ಜೆಸಿ ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿದ ಮೇಲೆ ಸಿಕ್ಕಿತು. ಕೂಲಂಟ್ ಕೂಡ ಪೂರ್ತಿ ತೆಗೆಸಿ ಜಿ12 ಹಾಕಿಸಿದೆ. ಹಸಿರು ಕೂಲಂಟ್ ಜೊತೆ ಅದನ್ನು ಬೆರೆಸಿದರೆ ಕಂದು ಕೆಸರಾಗಿ ರೇಡಿಯೇಟರ್ ಕಟ್ಟಿಕೊಳ್ಳುತ್ತದೆ. ದಾರಿಯಲ್ಲಿ ನೀರು ಕಡಿಮೆಯಾದರೆ ಪೆಟ್ರೋಲ್ ಬಂಕ್‌ನಲ್ಲಿ ಸಿಕ್ಕಿದ ಕೂಲಂಟ್ ಸುರಿಯುವ ಬದಲು ಬಾಟಲಿಯ ಡಿಸ್ಟಿಲ್ಡ್ ನೀರು ಹಾಕುವುದು ವಾಸಿ.

ಓಡಿಸುವಾಗ ನಾನು ಪಾಲಿಸುವುದು ಇಷ್ಟು. ಆಯಿಲ್ 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಪ್ರತಿ ಸಲ ಹಳೆಯ ಫಿಲ್ಟರ್ ಎಸೆಯುವುದಿಲ್ಲ. ಡಬ್ಬ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಬಿಸಿಲಿಗೆ ಹಿಡಿದು ನೋಡುತ್ತೇನೆ. ಕಪ್ಪು ಕಾರ್ಬನ್ ಪುಡಿ ಸ್ವಲ್ಪ ಇರುತ್ತದೆ, ಪರವಾಗಿಲ್ಲ. ಅಯಸ್ಕಾಂತಕ್ಕೆ ಅಂಟುವ ಚೂರು ಇದ್ದರೆ ಕಬ್ಬಿಣ ಸವೆಯುತ್ತಿದೆ. ತಾಮ್ರದ ಹೊಳಪಿನ ಸಣ್ಣ ಚಕ್ಕೆಗಳು ಕಂಡರೆ ಬೇರಿಂಗ್ ಸವೆಯುತ್ತಿದೆ, ಕಾರು ಅಲ್ಲೇ ನಿಲ್ಲಬೇಕು. ಎಂಜಿನ್ ಬಿಚ್ಚದೆ ಅದರ ಒಳಗು ನೋಡಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ. ಎಲ್ಲರೂ ಒಮ್ಮೆ ಮಾಡಿ ನೋಡಬೇಕು ಅಂತ ನನ್ನ ಆಸೆ.

ಡ್ಯಾಶ್‌ಬೋರ್ಡ್‌ನ ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬುವುದಿಲ್ಲ. ಈ ಕಾರುಗಳಲ್ಲಿ ನಿಜವಾದ ಬಿಸಿ ಸ್ವಲ್ಪ ಏರಿಳಿದರೂ ಮುಳ್ಳು 90ರಲ್ಲೇ ನಿಂತಿರುವ ಹಾಗೆ ಮಾಡಿದ್ದಾರೆ, ಓಡಿಸುವವರು ಗಾಬರಿಯಾಗದಿರಲಿ ಅಂತ. ಅದಕ್ಕೇ ಒಂದು ಒಬಿಡಿ ಡಾಂಗಲ್ ಹಾಕಿ ಫೋನಿನಲ್ಲಿ ನಿಜವಾದ ಅಂಕಿ ನೋಡುತ್ತೇನೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಾಗ ಮುಳ್ಳು ಅಲುಗಾಡುವುದಿಲ್ಲ, ಫೋನಿನಲ್ಲಿ ಮಾತ್ರ ನೂರು ದಾಟುತ್ತದೆ. ಫ್ಯಾನ್ ಬಂದ ಮೇಲೆ ಇಳಿಯುತ್ತದೆ. ಇಳಿಯದ ದಿನ ನನಗೆ ಮುಂಚೆಯೇ ಗೊತ್ತಾಗುತ್ತದೆ.

ಘಾಟಿ ಹತ್ತುವುದೆಂದರೆ ಈ ಕಾರಿಗೆ ಹಬ್ಬ. ಚಾರ್ಮಾಡಿಯ ತಿರುವುಗಳಲ್ಲಿ ಎರಡು, ಮೂರನೇ ಗೇರ್‌ನಲ್ಲಿ ಟರ್ಬೊ ಸದಾ ತಿರುಗುತ್ತಿರುತ್ತದೆ. ತಿರುವು ಮುಗಿದು ನೇರ ರಸ್ತೆ ಕಂಡಾಗ ಸಿಗುವ ಆ ಎಳೆತಕ್ಕೇ ಇಷ್ಟೆಲ್ಲಾ ಪಾಡು ಪಟ್ಟಿದ್ದು. ಮೇಲೆ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ನಿಲ್ಲಿಸುವ ಮುಂಚೆ ಕೊನೆಯ ಒಂದೆರಡು ಕಿ.ಮೀ. ನಿಧಾನ ಓಡಿಸುತ್ತೇನೆ. ನಿಲ್ಲಿಸಿದ ಮೇಲೂ ಒಂದು ನಿಮಿಷ ಐಡ್ಲಿಂಗ್. ಕಾದ ಟರ್ಬೊವನ್ನು ಒಮ್ಮೆಲೇ ಆಫ್ ಮಾಡಿದರೆ ಅದರೊಳಗೆ ನಿಂತ ಆಯಿಲ್ ಅಲ್ಲೇ ಸುಟ್ಟು ಕರಕಲಾಗುತ್ತದೆ. ಮೊದಲು ನೋಡಿದ ಕಪ್ಪು ಕಾರಿನ ಮುಚ್ಚಳದಲ್ಲಿ ಇದ್ದಿದ್ದು ಅದರದ್ದೇ ಬಂಧು.

ಪೆಟ್ರೋಲ್ ವಿಷಯದಲ್ಲಿ ಈಗ ಇನ್ನೊಂದು ಯೋಚನೆ ಇದೆ. ಎಲ್ಲಾ ಕಡೆ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್, ಬಂದಿದೆ. 20 ವರ್ಷದ ಹಿಂದಿನ ರಬ್ಬರ್ ಹೋಸ್‌ಗಳು ಅಷ್ಟು ಎಥನಾಲ್‌ಗೆಂದು ಮಾಡಿದವಲ್ಲ. ಹಾಗಾಗಿ ಟ್ಯಾಂಕಿನಿಂದ ಎಂಜಿನ್ ತನಕ ರಬ್ಬರ್ ಭಾಗಗಳನ್ನೆಲ್ಲಾ ಎಥನಾಲ್ ತಾಳುವ ಹೋಸ್‌ಗೆ ಬದಲಿಸಿದೆ, ಫ್ಯುಯೆಲ್ ಫಿಲ್ಟರ್ ಕೂಡ ಬೇಗ ಬೇಗ ಬದಲಿಸುತ್ತೇನೆ. ಒಂದು ಮಾತಂತೂ ಸತ್ಯ, ಪೆಟ್ರೋಲ್ ವಾಸನೆ ಸ್ವಲ್ಪ ಬಂದರೂ ನಾಳೆ ನೋಡೋಣ ಅನ್ನುವಂತಿಲ್ಲ. ಕಾದ ಟರ್ಬೊ ಅಲ್ಲೇ ಪಕ್ಕದಲ್ಲಿದೆ. ಜಾಸ್ತಿ ಆಕ್ಟೇನ್‌ನ ಪೆಟ್ರೋಲ್ ಹಾಕಿಸುವುದು ಶೋಕಿಗಲ್ಲ. ಬೇಸಿಗೆಯಲ್ಲಿ ವಿಸಿಡಿಎಸ್‌ನ 20ನೇ ಗ್ರೂಪ್ ನೋಡಿದರೆ ನಾಕಿಂಗ್ (ಪೆಟ್ರೋಲ್ ಸಿಲಿಂಡರ್‌ನಲ್ಲಿ ತಾನಾಗಿಯೇ ಸಿಡಿಯುವುದು) ತಡೆಯಲು ಎಂಜಿನ್ ಕಿಡಿ ಹಾರಿಸುವ ಟೈಮಿಂಗ್ ಎಷ್ಟು ಹಿಂದಕ್ಕೆ ಎಳೆಯುತ್ತಿದೆ ಅಂತ ಕಾಣುತ್ತದೆ. ನನ್ನ ಕಾರಿನಲ್ಲಿ ಒಳ್ಳೆಯ ಪೆಟ್ರೋಲ್ ಇದ್ದಾಗ ಆ ಎಳೆತ ಎದ್ದು ಕಾಣುವಷ್ಟು ಕಡಿಮೆ.

ಖರ್ಚು ಎಷ್ಟಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಕಾರಿನ ಬೆಲೆಯ ಮೂರನೇ ಒಂದು ಭಾಗವನ್ನು ಮೊದಲ ವರ್ಷಕ್ಕೆಂದೇ ಪಕ್ಕಕ್ಕಿಡಿ. ಅಷ್ಟು ಇಡಲಾಗದಿದ್ದರೆ ಅದಕ್ಕಿಂತ ಅಗ್ಗದ ಕಾರು ನೋಡಿ. ಇದೊಂದೇ ಕಾರು ಇಟ್ಟುಕೊಂಡು ದಿನಾ ಆಫೀಸಿಗೆ ಹೋಗಬೇಕಾದವರಿಗೆ ನಾನು ಇದನ್ನು ಹೇಳುವುದಿಲ್ಲ. ಬಿಡಿಭಾಗಕ್ಕೆ ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಇಗ್ನಿಷನ್ ಕಾಯಿಲ್ ಎರಡು, ಕೂಲಂಟ್ ಸೆನ್ಸರ್ ಒಂದು, ಬ್ರೀದರ್ ಪೈಪುಗಳ ಒಂದು ಸೆಟ್, ಡೈವರ್ಟರ್ ವಾಲ್ವ್ ಒಂದು ಸದಾ ನನ್ನ ಡಿಕ್ಕಿಯಲ್ಲಿ ಇರುತ್ತವೆ. ಕಾಯಿಲ್ ಒಂದು ಹೋದರೆ ಎಂಜಿನ್ ಮೂರೇ ಸಿಲಿಂಡರ್‌ನಲ್ಲಿ ನಡುಗುತ್ತದೆ, ರಸ್ತೆ ಬದಿಯಲ್ಲೇ ಐದು ನಿಮಿಷದಲ್ಲಿ ಬದಲಿಸಬಹುದು.

ಸದ್ಯ ಮುಂದಿರುವ ಕೆಲಸ ಕ್ಯಾಮ್ ಚೇನ್ ಟೆನ್ಷನರ್. ತಣ್ಣಗೆ ಸ್ಟಾರ್ಟ್ ಮಾಡಿದಾಗ ಒಂದು ಸೆಕೆಂಡ್ ಸದ್ದು ಈಚೆಗೆ ಕೇಳುತ್ತಿದೆ, ತಕ್ಷಣ ನಿಲ್ಲುತ್ತದೆ. ಆಯಿಲ್ ಒತ್ತಡ ಸರಿಯಿದೆ, ಫಿಲ್ಟರ್ ಕಾಗದ ಸ್ವಚ್ಛ ಇದೆ. ಹಾಗಾಗಿ ಅವಸರವಿಲ್ಲ. ಟೆನ್ಷನರ್ ಮತ್ತು ಚೇನ್ ಎರಡೂ ತರಿಸಿ ಇಟ್ಟಿದ್ದೇನೆ, ವಾಲ್ವ್ ಕವರ್ ಗ್ಯಾಸ್ಕೆಟ್ ಬಂದ ಕೂಡಲೇ ಭಾಯ್ ಹತ್ತಿರ ಬಿಡುತ್ತೇನೆ.